ಮರಳೊಳಗೆ ಮಲಗಿರುವವರ ಗಮನಕ್ಕೆ

ಉತ್ತರ ಸಮುದ್ರದ ಡಾಗರ್ ಬ್ಯಾಂಕ್, ಸ್ಕಾಟ್ಲೆಂಡಿನ ಫರ್ತ್ ಆಫ್ ಫೋರ್ತ್ ಕೊಲ್ಲಿಯ ಹೊರಬದಿ ಹಾಗೂ ಶೆಟ್ಲೆಂಡ್ ದ್ವೀಪಗಳ ಸುತ್ತಲಿನ ಮರಳುದಿಬ್ಬಗಳಲ್ಲಿ ತಲೆತಲಾಂತರದಿಂದ ವಾಸವಾಗಿರುವ ಸ್ಯಾಂಡ್‌ಈಲ್ ಮಹಾಶಯರಿಗೆ, ಕರ್ನಾಟಕದ ಕರಾವಳಿಯಲ್ಲಿ ಕುಳಿತು ಬರೆಯುತ್ತಿರುವ, ಮೀನಿಲ್ಲದ ಊಟ ಗಂಟಲಲ್ಲಿ ಇಳಿಯದ ಒಬ್ಬ ಓದುಗನ ನಮಸ್ಕಾರಗಳು.

ಮೊದಲಿಗೆ ಅಭಿನಂದನೆ. 2025ರ ಜನವರಿ 28ರಿಂದ 30ರವರೆಗೆ, ಮೂರು ದಿನ, ಹೇಗ್ ನಗರದಲ್ಲಿ ನಿಮ್ಮ ವಿಷಯದ ವಿಚಾರಣೆ ನಡೆಯಿತು. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ನಿಗೂ ಐರೋಪ್ಯ ಒಕ್ಕೂಟಕ್ಕೂ ಒಂದು ವ್ಯಾಪಾರ ಒಪ್ಪಂದ ಆಯಿತಲ್ಲ, ಅದರ ಅಡಿಯಲ್ಲಿ ಮಧ್ಯಸ್ಥಗಾರರ ಮುಂದೆ ಹೋದ ಮೊತ್ತಮೊದಲ ವ್ಯಾಜ್ಯ ನಿಮ್ಮದೇ. ಕಾರು, ಔಷಧಿ, ಬ್ಯಾಂಕು, ವಿಸ್ಕಿ, ಇವುಗಳಿಗೆ ಯಾವುದಕ್ಕೂ ಸಿಗದ ಅಗ್ರಪೂಜೆ ಗೇಣುದ್ದದ ಮೀನಿಗೆ ಸಿಕ್ಕಿತು. ಕರಿ ಕೋಟಿನ ವಕೀಲರು ನಿಮ್ಮ ವಯಸ್ಸು, ತೂಕ, ಸಂತಾನದ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ಎರಡೂ ಕಡೆಯ ಪರಿಣತರು ನಿಮ್ಮ ಜನಸಂಖ್ಯೆಯ ಗ್ರಾಫುಗಳನ್ನು ಮುಂದಿಟ್ಟರು. ಬಾರದೇ ಹೋದವರು ನೀವೊಬ್ಬರೇ. ಬರುವ ಹಾಗೂ ಇರಲಿಲ್ಲ ಬಿಡಿ, ಜನವರಿ ಕೊನೆಯೆಂದರೆ ನೀವು ಮರಳೊಳಗೆ ಗಾಢ ನಿದ್ದೆಯಲ್ಲಿರುವ ಕಾಲ.

ಅಭಿನಂದನೆ ಮುಗಿಯಿತು, ಇನ್ನು ದೂರು. ನಿಮ್ಮ ಮೇಲೆ ನನಗಿರುವ ದೂರು ಒಂದೇ: ನಿಮಗೆ ಪ್ರಚಾರದ ಗಂಧಗಾಳಿ ಇಲ್ಲ. ಒಂದು ಸಮುದ್ರದ ಅರ್ಧಕ್ಕರ್ಧ ಸಂಸಾರವನ್ನು ಸಾಕುತ್ತಿರುವವರು ಹೀಗೆ ಮುಖ ಮುಚ್ಚಿಕೊಂಡು ಮಲಗಿದರೆ ಯಾರು ಗುರುತಿಸುತ್ತಾರೆ? ಆದ್ದರಿಂದ ನಿಮ್ಮ ಅನುಮತಿ ಕೇಳದೆ, ಈ ಪತ್ರದಲ್ಲಿ ನಿಮ್ಮನ್ನು ನಮ್ಮ ಜನಕ್ಕೆ ಪರಿಚಯ ಮಾಡಿಕೊಡುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ಹೆಸರಿನಲ್ಲಿ ಈಲ್ ಎಂದಿದ್ದರೂ ನೀವು ಹಾವುಮೀನಿನ ವಂಶದವರಲ್ಲ. ಸಪೂರ ಮೈ, ಹಸಿರು ನೀಲಿ ಬೆನ್ನು, ಬೆಳ್ಳಿ ಹೊಟ್ಟೆ, ಮುಂದಕ್ಕೆ ಚಾಚಿದ ಕೆಳದವಡೆ. ಹೆಚ್ಚಿನ ಮೀನುಗಳ ಹೊಟ್ಟೆಯೊಳಗೆ ಇರುವ ಗಾಳಿಚೀಲ ನಿಮಗಿಲ್ಲ. ಹೀಗಾಗಿ ನೀರಿನ ನಡುವೆ ಸುಮ್ಮನೆ ತೇಲಿಕೊಂಡಿರುವ ಸುಖ ನಿಮ್ಮ ಹಣೆಯಲ್ಲಿ ಬರೆದಿಲ್ಲ. ಈಜು ನಿಲ್ಲಿಸಿದಿರೋ ಮುಳುಗಿದಿರಿ. ನಿಮಗಿರುವುದು ಎರಡೇ ದಾರಿ, ಈಜುತ್ತಲೇ ಇರುವುದು ಇಲ್ಲವೇ ಮಲಗುವುದು. ವಸಂತ ಮತ್ತು ಬೇಸಿಗೆಯಲ್ಲಿ ಬೆಳಕಾದ ಮೇಲೆ ಮರಳಿನಿಂದ ಎದ್ದು ಹಿಂಡುಹಿಂಡಾಗಿ ಮೇಲೇರುತ್ತೀರಿ, ಕಣ್ಣಿಗೆ ಕಾಣಿಸಿಯೂ ಕಾಣಿಸದ ಪ್ಲವಕಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತೀರಿ, ಕತ್ತಲಾಗುವ ಹೊತ್ತಿಗೆ ಹೊರಟ ಮರಳಿಗೇ ವಾಪಸು. ಆ ಪ್ರವೇಶವನ್ನು ನೋಡಬೇಕು. ಬಿಲ ತೋಡುವುದಿಲ್ಲ, ಬಾಗಿಲು ಹುಡುಕುವುದಿಲ್ಲ. ಮೂತಿ ಕೆಳಗೆ ಮಾಡಿ ಈಜುತ್ತಾ ಬಂದ ವೇಗದಲ್ಲೇ ಮರಳಿಗೆ ನುಗ್ಗುತ್ತೀರಿ, ಮೈ ಒಂದೆರಡು ಸಲ ಬಳುಕುತ್ತದೆ, ಬಾಲದ ತುದಿ ಒಳಗೆ ಎಳೆದುಕೊಳ್ಳುತ್ತದೆ, ಮೇಲೆ ಒಂದು ಚಿಟಿಕೆ ಮರಳು ಹಾರಿ ಕೂರುತ್ತದೆ. ಅಷ್ಟೇ. ಕಣಗಳ ಸಂದಿನಲ್ಲಿ ಹರಿದಾಡುವ ನೀರಿನಿಂದಲೇ ಉಸಿರಾಟ.

ಇದು ದಿನದ ನಿದ್ದೆಯಾಯಿತು. ವರ್ಷದ ನಿದ್ದೆ ಬೇರೆಯೇ ಇದೆ. ಬೇಸಿಗೆ ಮುಗಿಯುವುದರೊಳಗೆ ಮೈತುಂಬ ಕೊಬ್ಬು ಕೂಡಿಸಿಕೊಂಡು ಸೆಪ್ಟೆಂಬರ್ ಹೊತ್ತಿಗೆ ಮಲಗಿದರೆ ಮುಂದಿನ ವಸಂತದವರೆಗೆ ಏಳುವ ಮಾತಿಲ್ಲ. ನಡುವೆ ಡಿಸೆಂಬರ್, ಜನವರಿಯಲ್ಲಿ ಮೊಟ್ಟೆಯಿಡುವ ಕರ್ತವ್ಯಕ್ಕೆಂದು ಸ್ವಲ್ಪ ಹೊತ್ತು ಹೊರಗೆ ಬಂದು, ಮೊಟ್ಟೆಯನ್ನು ಮರಳಿಗೇ ಅಂಟಿಸಿ, ಮತ್ತೆ ಒಳಗೆ. ನಿಮ್ಮ ಗಣತಿ ಮಾಡುವವರಿಗೂ ಇದೇ ಅನುಕೂಲ. ಎದ್ದವರನ್ನು ಎಣಿಸುವುದು ಕಷ್ಟವೆಂದು, ಡಿಸೆಂಬರಿನಲ್ಲಿ ಸಮುದ್ರದ ತಳವನ್ನು ಬಾಚಿ, ಮಲಗಿದಲ್ಲಿಯೇ ನಿಮ್ಮನ್ನು ಎತ್ತಿ ಎಣಿಸುತ್ತಾರೆ. ಅದರ ಮೇಲೆ ಮುಂದಿನ ವರ್ಷ ನಿಮ್ಮಲ್ಲಿ ಎಷ್ಟು ಟನ್ ಹಿಡಿಯಬಹುದೆಂದು ತೀರ್ಮಾನ. ನಮ್ಮಲ್ಲಿ ಗಣತಿಗೆ ಬಂದವರು ಕನಿಷ್ಠ ಬಾಗಿಲು ತಟ್ಟುತ್ತಾರೆ.

ಹಾಸಿಗೆಯ ವಿಷಯದಲ್ಲಿ ನಿಮ್ಮ ಹಟವೂ ದೊಡ್ಡದು. ಒರಟು ಮರಳೇ ಆಗಬೇಕು, ಅದರೊಳಗೆ ನೀರು ಓಡಾಡಬೇಕು. ಕೆಸರಿನ ಅಂಶ ತುಸು ಹೆಚ್ಚಾದರೂ ನಿಮಗೆ ಬೇಡ, ಕಿವಿರು ಕಟ್ಟಿಕೊಳ್ಳುತ್ತದೆ. ಮರಳಿನ ಗುಣಮಟ್ಟದ ಬಗ್ಗೆ ಇಷ್ಟು ನಿಷ್ಠುರವಾಗಿರುವವರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಆದರೆ ಅವರು ಟಿಪ್ಪರ್ ಇಟ್ಟುಕೊಂಡವರು, ರಾತ್ರಿ ಹೊತ್ತು ಮಲಗುವ ಅಭ್ಯಾಸ ಅವರಿಗಿಲ್ಲ. ಇನ್ನೊಂದು ಸಂಗತಿ: ಒಂದು ಮರಳುದಿಬ್ಬದಲ್ಲಿ ನೆಲೆಯೂರಿದ ಮೇಲೆ ನೀವು ಅಷ್ಟು ಸುಲಭಕ್ಕೆ ಊರು ಬಿಡುವವರಲ್ಲ. ಮರಿಯಾಗಿದ್ದಾಗ ಹರಿವು ಒಯ್ದ ಕಡೆ ತೇಲಿಹೋಗುತ್ತೀರಿ, ದೊಡ್ಡವರಾದ ಮೇಲೆ ಹಿಡಿದ ಜಾಗವೇ ಗತಿ. ಒಂದು ದಿಬ್ಬವನ್ನು ಬಲೆ ಬರಿದು ಮಾಡಿದರೆ ಪಕ್ಕದ ದಿಬ್ಬದವರು ಬಂದು ತುಂಬುವುದಿಲ್ಲ. ಈ ಗುಣವನ್ನು ಮರೆಯಬೇಡಿ, ಮುಂದೆ ಹೇಗ್‌ನ ಮಾತು ಬಂದಾಗ ಇದು ಬೇಕಾಗುತ್ತದೆ.

ನಮ್ಮಲ್ಲಿಯೂ ಮರಳು ಹೊಗುವ ಮೀನಿದೆ. ಕಾಣೆ ಎನ್ನುತ್ತೇವೆ. ರಂಪಣಿ ಬಲೆ ದಡದ ಕಡೆ ಎಳೆದು ಬರುವಾಗ ಎಷ್ಟೋ ಕಾಣೆಗಳು ಮರಳಿಗೆ ಹೊಕ್ಕು, ಬಲೆಯನ್ನು ತಲೆ ಮೇಲಿಂದ ಸಾಗಿಸಿ ಬದುಕಿಕೊಳ್ಳುತ್ತವೆ. ಹಾಗೆ ಬದುಕಲಾರದವು ರವೆ ಮೆತ್ತಿಕೊಂಡು ಹೋಟೆಲಿನ ತಟ್ಟೆಗೆ ಬರುತ್ತವೆ, ಅದಕ್ಕೆ ಜನ ಹೇಳಿದ ರೇಟು ಕೊಡುತ್ತಾರೆ. ಕಾಣೆಗೆ ತನ್ನ ಬೆಲೆ ಗೊತ್ತು. ನಿಮಗೆ ಅದೂ ಗೊತ್ತಿಲ್ಲ.

ಮದುವೆಯೂಟದಲ್ಲಿ ಹೋಳಿಗೆಯನ್ನು ಹೊಗಳುತ್ತಾರೆ, ಪಾಯಸವನ್ನು ಹೊಗಳುತ್ತಾರೆ, ಅನ್ನವನ್ನು ಹೊಗಳಿದವರನ್ನು ಕಂಡಿದ್ದೀರಾ? ಅನ್ನ ಮುಗಿದ ಗಳಿಗೆಯಲ್ಲಿ ಮಾತ್ರ ಪಂಕ್ತಿಯಲ್ಲಿ ಗದ್ದಲ ಏಳುತ್ತದೆ. ಉತ್ತರ ಸಮುದ್ರದ ಪಂಕ್ತಿಯಲ್ಲಿ ನಿಮ್ಮ ಸ್ಥಾನ ಅದು. ಸೂರ್ಯನ ಬೆಳಕು ಉಂಡ ಸಸ್ಯಪ್ಲವಕವನ್ನು ಕ್ಯಾಲನಸ್ ಎಂಬ ಮೂರು ಮಿಲಿಮೀಟರ್ ಜೀವಿ ತಿನ್ನುತ್ತದೆ, ಅದನ್ನು ನೀವು ತಿಂದು ಎಣ್ಣೆ ಮಾಡಿಟ್ಟುಕೊಳ್ಳುತ್ತೀರಿ, ನಿಮ್ಮನ್ನು ಎಲ್ಲರೂ ತಿನ್ನುತ್ತಾರೆ. ಕಾಡ್, ಹ್ಯಾಡಕ್, ಬಂಗುಡೆಯ ಅಲ್ಲಿನ ಬಂಧುಗಳು, ಸೀಲ್‌ಗಳು, ಹಾರ್ಬರ್ ಪೋರ್ಪಾಯಿಸ್ ಎಂಬ ಗಿಡ್ಡ ಕಡಲಹಂದಿ, ಮಿಂಕಿ ತಿಮಿಂಗಿಲ, ಮೇಲೆ ಆಕಾಶದಲ್ಲಿ ಕಾದಿರುವ ಹಕ್ಕಿಗಳ ದಂಡು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ ನಿಮ್ಮ ದಾಯಾದಿಗಳಾದ ಸ್ಯಾಂಡ್ ಲ್ಯಾನ್ಸ್‌ಗಳಿದ್ದಾರೆ. ಅವರನ್ನು ತಿಂದು ಬದುಕುವವರ ಪಟ್ಟಿಯನ್ನು ಅಲ್ಲಿಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು: 45 ಬಗೆಯ ಮೀನು, 16 ಬಗೆಯ ಕಡಲಹಕ್ಕಿ, 9 ಬಗೆಯ ಸಸ್ತನಿ, 2 ಬಗೆಯ ಬೊಂಡಾಸ್, ಒಟ್ಟು 72. ಮ್ಯಾಸಚೂಸೆಟ್ಸ್ ಕರಾವಳಿಯ ಸ್ಟೆಲ್‌ವ್ಯಾಗನ್ ಬ್ಯಾಂಕಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ತಳಕ್ಕೆ ಮುಳುಗಿ, ಮಗ್ಗುಲಾಗಿ ಹೊರಳಿ, ಮರಳೊಳಗೆ ಮಲಗಿದವರನ್ನು ಕೆದಕಿ ಎಬ್ಬಿಸುತ್ತವೆ. ಉಜ್ಜಿ ಉಜ್ಜಿ ಅವುಗಳ ದವಡೆಯ ಚರ್ಮವೇ ತರಚಿಹೋಗಿರುತ್ತದೆ. ಅಷ್ಟು ದೊಡ್ಡ ಪ್ರಾಣಿ ನಿಮ್ಮವರ ಮನೆಬಾಗಿಲಿಗೆ ಮೊಣಕಾಲೂರಿ ಬರುತ್ತದೆಂದರೆ ಸಾಮಾನ್ಯವೇ? ಆದರೂ ಅಲ್ಲಿಗೆ ಟಿಕೆಟ್ ಕೊಂಡು ದೋಣಿ ಹತ್ತುವವರೆಲ್ಲ ತಿಮಿಂಗಿಲ ನೋಡಲು ಬಂದವರು. ಸ್ಯಾಂಡ್ ಲ್ಯಾನ್ಸ್ ನೋಡಲು ಬಂದೆ ಎಂದವನನ್ನು ನಾನು ಕೇಳಿಲ್ಲ.

ಪಫಿನ್ ಹಕ್ಕಿಯನ್ನೇ ನೋಡಿ ಕಲಿಯಿರಿ. ಕೇಸರಿ, ಹಳದಿ, ಬೂದು ಬಣ್ಣದ ಕೊಕ್ಕು, ಕೋಡಂಗಿಯ ಮುಖ, ಗೊಂಬೆ ನಡಿಗೆ. ಸ್ಕಾಟ್ಲೆಂಡಿನ ಪಿಂಗಾಣಿ ಬಟ್ಟಲು, ಟವೆಲು, ಅಂಚೆಚೀಟಿ, ಎಲ್ಲೆಲ್ಲೂ ಅದೇ. ಅದರ ಜಗತ್ಪ್ರಸಿದ್ಧ ಭಾವಚಿತ್ರದಲ್ಲಿ ಕೊಕ್ಕಿನ ಎರಡೂ ಬದಿಗೆ ಬೆಳ್ಳಿ ಮೀಸೆಯ ಹಾಗೆ ಜೋತುಬಿದ್ದಿರುವವರು ಯಾರು? ನೀವು! ಅದರ ನಾಲಗೆಯೂ ಅಂಗುಳಿನ ಮುಳ್ಳುಗಳೂ ಸೇರಿ ಹಿಡಿದ ಮೀನನ್ನು ಒತ್ತಿಹಿಡಿಯುವುದರಿಂದ, ಬಾಯಿ ತೆರೆದು ಇನ್ನೊಂದನ್ನು ಹಿಡಿದರೂ ಮೊದಲಿನದು ಜಾರುವುದಿಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಹತ್ತರ ಆಸುಪಾಸು, ಮರಿಗಳಾದರೆ ಅರವತ್ತನ್ನು ದಾಟಿಯೂ ಎಣಿಸಿದ್ದಿದೆ. ಚಿತ್ರದ ಕೆಳಗೆ ಹಕ್ಕಿಯ ಹೆಸರಿರುತ್ತದೆ, ಫೋಟೋಗ್ರಾಫರ್ ಹೆಸರಿರುತ್ತದೆ. ನಿಮ್ಮನ್ನು 'ಆಹಾರದೊಂದಿಗೆ' ಎಂಬ ಒಂದು ಪದದಲ್ಲಿ ಮುಗಿಸಿರುತ್ತಾರೆ.

ಹಕ್ಕಿಗಳಾದರೋ ನಿಮ್ಮನ್ನು ಗೂಡಿಗೆ ಒಯ್ಯುತ್ತಿದ್ದವು. ಮನುಷ್ಯರು ಕಾರ್ಖಾನೆಗೆ ಒಯ್ದರು. 1950ರ ದಶಕದಲ್ಲಿ ಶುರುವಾದ ಈ ಉದ್ಯೋಗ ಕೆಲವೇ ದಶಕಗಳಲ್ಲಿ ಉತ್ತರ ಸಮುದ್ರದಲ್ಲಿ ಒಂದೇ ಜಾತಿಯ ಮೀನಿನ ಮೇಲೆ ನಡೆಯುವ ಅತಿ ದೊಡ್ಡ ಮೀನುಗಾರಿಕೆಯಾಯಿತು. ಮುಂಚೂಣಿಯಲ್ಲಿ ಡೆನ್ಮಾರ್ಕಿನ ಬೋಟುಗಳು. 16 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆ ಬೀಸಿ, 1997ರ ಒಂದೇ ವರ್ಷದಲ್ಲಿ ಹತ್ತು ಲಕ್ಷ ಟನ್ನಿಗೂ ಮೀರಿ ನಿಮ್ಮನ್ನು ಎತ್ತಿದರು. ತಿನ್ನುವುದಕ್ಕಲ್ಲ. ಬೇಯಿಸಿ, ಹಿಂಡಿ, ಒಣಗಿಸಿ, ಪುಡಿಮಾಡಿ, ಒಂದು ಕಡೆ ಎಣ್ಣೆ, ಒಂದು ಕಡೆ ಹಿಟ್ಟು. ಹಿಟ್ಟು ಸಾಕಣೆಯ ಸಾಲ್ಮನ್ ಮೀನಿಗೆ, ಹಂದಿಗೆ, ತುಪ್ಪಳಕ್ಕಾಗಿ ಸಾಕುವ ಮಿಂಕ್‌ಗೆ. 1990ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಮೀನೆಣ್ಣೆಯನ್ನು ವಿದ್ಯುತ್ ಸ್ಥಾವರದ ಒಲೆಗೆ ಸುರಿದದ್ದೂ ಉಂಟು. ಸಮುದ್ರ ಒಂದು ಬೇಸಿಗೆಯುದ್ದಕ್ಕೂ ಪ್ಲವಕ ಹೆಕ್ಕಿ ಹೆಕ್ಕಿ ಕೂಡಿಸಿದ್ದನ್ನು ಬಲ್ಬು ಉರಿಸಲು ಬಳಸಿದ ಈ ಬುದ್ಧಿವಂತಿಕೆಗೆ ಯಾವ ಪ್ರಶಸ್ತಿ ಕೊಟ್ಟರೂ ಕಡಿಮೆಯೇ. 2003ರಲ್ಲಿ ಬಲೆಗೆ ಬಂದವರ ಲೆಕ್ಕ ಮೂರು ಲಕ್ಷ ಟನ್ನಿನ ಮಟ್ಟಕ್ಕೆ ಕುಸಿಯಿತು. ಕೋಟಾ ಇತ್ತು, ಬೋಟು ಇತ್ತು, ಡೀಸೆಲ್ ಇತ್ತು. ಹಿಡಿಯಲು ನೀವೇ ಇರಲಿಲ್ಲ.

ಅನ್ನ ಮುಗಿದ ಪಂಕ್ತಿಯ ಗದ್ದಲ ಅಷ್ಟು ಹೊತ್ತಿಗೆ ಎರಡು ಸಲ ಕೇಳಿಸಿಯಾಗಿತ್ತು. ಮೊದಲನೆಯದು ಶೆಟ್ಲೆಂಡಿನಲ್ಲಿ. 1980ರ ದಶಕದ ನಡುವಿನಿಂದ ಅಲ್ಲಿಯ ಆರ್ಕ್ಟಿಕ್ ರೀವ ಹಕ್ಕಿಗಳು ವರ್ಷದ ಮೇಲೆ ವರ್ಷ ಮೊಟ್ಟೆಯಿಟ್ಟವು, ಮರಿ ಮಾಡಿದವು, ಆ ಮರಿಗಳಲ್ಲಿ ಹಾರಿದವು ಇಲ್ಲವೆನ್ನುವಷ್ಟು. ಧ್ರುವದಿಂದ ಧ್ರುವಕ್ಕೆ ಹಾರುವ ಹಕ್ಕಿಗೆ ಗೂಡಿನ ಪಕ್ಕದ ಮೀನು ಸಿಗಲಿಲ್ಲ. ಬಲೆಯ ತಪ್ಪೋ, ಮರಿಗಳನ್ನು ಹೊತ್ತು ತರುವ ಹರಿವು ಕೈಕೊಟ್ಟದ್ದೋ ಎಂದು ವಿಜ್ಞಾನಿಗಳು ವಾದಿಸಿದರು, ಎರಡೂ ಇದ್ದಿರಬಹುದು. 1991ರಿಂದ ಕೆಲವು ವರ್ಷ ಅಲ್ಲಿ ಮೀನುಗಾರಿಕೆಯನ್ನು ಮುಚ್ಚಿದರು. ಎರಡನೆಯದು ಫರ್ತ್ ಆಫ್ ಫೋರ್ತ್‌ನ ಎದುರಿಗೆ. 1990ರಲ್ಲಿ ಆರಂಭವಾದ ಬೇಟೆ 1993ರಲ್ಲಿ ಲಕ್ಷ ಟನ್ ದಾಟಿತು, ಅಲ್ಲಿಯೇ ಹತ್ತಿರದ ಐಲ್ ಆಫ್ ಮೇ ದ್ವೀಪದಲ್ಲಿ ಕಿಟ್ಟಿವೇಕ್ ಹಕ್ಕಿಗಳ ಮರಿಗಳು ಸೊರಗಿದವು. ಕಿಟ್ಟಿವೇಕ್ ಪಾಪದ ಹಕ್ಕಿ, ಅದಕ್ಕೆ ಆಳಕ್ಕೆ ಮುಳುಗಲು ಬರುವುದಿಲ್ಲ. ನೀವು ಮೇಲೆ ಬಂದರೆ ಊಟ, ಬಾರದಿದ್ದರೆ ಉಪವಾಸ. 2000ದಲ್ಲಿ ಸ್ಕಾಟ್ಲೆಂಡಿನ ಪೂರ್ವ ತೀರದಿಂದ ಇಂಗ್ಲೆಂಡಿನ ಈಶಾನ್ಯ ತೀರದವರೆಗೆ ನಿಮ್ಮನ್ನು ಹಿಡಿಯುವುದು ಬಂದ್ ಆಯಿತು. ಅದಾದ ಮೇಲೆ ಆ ಹಕ್ಕಿಗಳ ಸಂತಾನ ಚೇತರಿಸಿಕೊಂಡಿತು.

2004ರ ಬೇಸಿಗೆಯನ್ನು ಮಾತ್ರ ಯಾರೂ ಬಲೆಯೊಂದರ ಮೇಲೆಯೇ ಹೊರಿಸಲಾರರು. ಆ ವರ್ಷ ಶೆಟ್ಲೆಂಡ್, ಆರ್ಕ್ನಿ, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಬಂಡೆಗಳಲ್ಲಿ ಹಕ್ಕಿಗಳ ಸಂತಾನ ದೊಡ್ಡ ಪ್ರಮಾಣದಲ್ಲಿ ಕೈಕೊಟ್ಟಿತು. ನೀವು ಸಿಗದೆ ತಾಯಿತಂದೆ ಹಕ್ಕಿಗಳು ಸಿಕ್ಕಿದ್ದನ್ನು ತಂದವು. ಸಿಕ್ಕಿದ್ದು ಸ್ನೇಕ್ ಪೈಪ್‌ಫಿಶ್. ಉದ್ದ ಇದೆ, ಮೈತುಂಬ ಎಲುಬಿನ ಕವಚ ಇದೆ, ಕೊಬ್ಬೂ ಇಲ್ಲ ಮಾಂಸವೂ ಇಲ್ಲ. ಕೊಕ್ಕು ತೆರೆದು ಕಾದಿದ್ದ ಮರಿ ಅದನ್ನು ನುಂಗಲು ಹೋಗಿ ಅರ್ಧದಲ್ಲಿ ಸಿಕ್ಕಿಸಿಕೊಂಡಿತು, ಉಗುಳಲೂ ಆಗಲಿಲ್ಲ. ಗಂಟಲಿಗೆ ಪೈಪ್‌ಫಿಶ್ ಸಿಕ್ಕಿ ಉಸಿರುಗಟ್ಟಿ ಸತ್ತ ಮರಿಗಳು ಗೂಡುಗಳಲ್ಲಿ ಸಿಕ್ಕವು. ಪಕ್ಕದಲ್ಲಿ ತಿನ್ನದೆ ಬಿಟ್ಟ ಪೈಪ್‌ಫಿಶ್‌ಗಳು ಕಡ್ಡಿಯಾಗಿ ಒಣಗಿದ್ದವು. ಸಮುದ್ರದಲ್ಲಿ ಮೀನು ಇದೆಯಲ್ಲ, ಇದಲ್ಲದಿದ್ದರೆ ಅದನ್ನು ತಿನ್ನಲಿ ಎನ್ನುವ ತಜ್ಞರು ಎಲ್ಲ ದೇಶದಲ್ಲೂ ಇದ್ದಾರೆ. ಅವರಿಗೆ ಆ ಗೂಡುಗಳನ್ನು ತೋರಿಸಬೇಕಿತ್ತು.

ಇನ್ನು ವ್ಯಾಜ್ಯ. 2024ರ ಮಾರ್ಚ್ 26ರಿಂದ ಬ್ರಿಟನ್ ತನ್ನ ಉತ್ತರ ಸಮುದ್ರದ ಇಂಗ್ಲಿಷ್ ಪಾಲಿನಲ್ಲೂ ಸ್ಕಾಟ್ಲೆಂಡಿನ ಎಲ್ಲ ನೀರಿನಲ್ಲೂ ನಿಮ್ಮನ್ನು ಹಿಡಿಯುವುದನ್ನು ನಿಷೇಧಿಸಿತು. ಏಪ್ರಿಲ್ ಒಂದಕ್ಕೆ ಹಂಗಾಮು ಶುರುವಾಗಬೇಕು, ಅದಕ್ಕೆ ಆರು ದಿನ ಮುಂಚೆ! ಹಕ್ಕಿಗಳಿಗಾಗಿ ಈ ತ್ಯಾಗ ಎಂದರು. ತ್ಯಾಗ ಮಾಡಿದ್ದು ಯಾರು ಎಂದು ಕೇಳಬೇಡಿ. ಐರೋಪ್ಯ ಒಕ್ಕೂಟದ ಕೋಟಾದ ಸಿಂಹಪಾಲು ಡೆನ್ಮಾರ್ಕಿನದು, ಬ್ರಿಟನ್ನಿನ ಕೈಯಲ್ಲಿದ್ದದ್ದು ಚಿಲ್ಲರೆ ಪಾಲು, ಅದನ್ನೂ 2021ರಿಂದ ತನ್ನ ಬೋಟುಗಳಿಗೆ ಹಂಚಿರಲಿಲ್ಲ. ಪಕ್ಕದ ಮನೆಯವರ ಕೋಳಿಯನ್ನು ಹರಕೆಗೆ ಬಿಡುವ ಭಕ್ತಿ ನಮಗೂ ಹೊಸದಲ್ಲ, ಆದ್ದರಿಂದ ನಾನು ನಗುವುದಿಲ್ಲ. ಅತ್ತ ಒಕ್ಕೂಟದ ವಾದವೂ ಕೇಳುವಂತಿತ್ತು: ನಮ್ಮ ದೋಣಿಗಳಿಗೆ ನಿಮ್ಮ ನೀರಿಗೆ ಬರುವ ಹಕ್ಕನ್ನು ಒಪ್ಪಂದ ಕೊಟ್ಟಿದೆ, ಮೀನಿನ ಲೆಕ್ಕಾಚಾರ ವಿಜ್ಞಾನಿಗಳು ಮಾಡಿಯೇ ಕೋಟಾ ಬರುತ್ತದೆ, ಪೂರ್ತಿ ನಿಷೇಧ ಅತಿಯಾಯಿತು.

ಆ ಲೆಕ್ಕಾಚಾರದ ಬಗ್ಗೆಯೇ ನನ್ನ ತಕರಾರು. ಮುಂದಿನ ವರ್ಷ ಮೊಟ್ಟೆಯಿಡುವುದಕ್ಕೆ ಇಂತಿಷ್ಟು ಮಂದಿ ನೀವು ಉಳಿಯಬೇಕು, ಮಿಕ್ಕವರನ್ನು ಹಿಡಿಯಬಹುದು, ಸ್ಥೂಲವಾಗಿ ಲೆಕ್ಕ ಇದು. ಕೇಳಲು ನ್ಯಾಯವಾಗಿದೆ. ಆದರೆ ಇದು ನೂರಾರು ಕಿಲೋಮೀಟರಿನ ವಿಸ್ತಾರಕ್ಕೆ ಹಾಕುವ ಲೆಕ್ಕ. ಮರಿ ಸಾಕುವ ಹಕ್ಕಿ ಅಷ್ಟು ದೂರ ಹಾರಲಾರದು, ಹಾರಿ ತಂದರೂ ಅಷ್ಟು ಹೊತ್ತಿಗೆ ಮರಿ ತಣ್ಣಗಾಗಿರುತ್ತದೆ. ಬೋಟುಗಳೋ ಎಲ್ಲಿ ನಿಮ್ಮ ಹಿಂಡು ದಟ್ಟವಾಗಿದೆಯೋ ಅಲ್ಲಿಗೇ ಹೋಗುತ್ತವೆ. ನೀವು ಊರು ಬಿಡದ ಗುಣದವರೆಂದು ಮೊದಲೇ ಹೇಳಿದೆನಲ್ಲ, ಆ ದಿಬ್ಬ ಬರಿದಾದರೆ ಆ ಬಂಡೆಯ ಹಕ್ಕಿಗಳಿಗೆ ಆ ವರ್ಷ ಮುಗಿಯಿತು. ಕಾಗದದ ಮೇಲೆ ಆಗಲೂ ಮೀನು ಸಾಕಷ್ಟು ಇರುತ್ತದೆ. ಲೆಕ್ಕ ಇಡೀ ಸಮುದ್ರದ್ದು, ಹಸಿವು ಒಂದೊಂದು ಗೂಡಿನದು.

ತೀರ್ಪು 2025ರ ಮೇ 2ರಂದು ಹೊರಬಿತ್ತು. ನಿಷೇಧಕ್ಕೆ ವಿಜ್ಞಾನದ ಆಧಾರ ಇದೆ ಎಂದಿತು ಮಧ್ಯಸ್ಥಗಾರರ ಮಂಡಳಿ. ಸ್ಕಾಟ್ಲೆಂಡಿನ ನಿಷೇಧ ಸರಿ ಎಂದಿತು. ಇಂಗ್ಲಿಷ್ ನೀರಿನ ನಿಷೇಧ ಮಾಡುವಾಗ ಒಕ್ಕೂಟದ ದೋಣಿಗಳ ಹಕ್ಕಿಗೆ ಆಗುವ ನಷ್ಟವನ್ನು ಸರಿಯಾಗಿ ತೂಗಿ ನೋಡಿಲ್ಲ ಎಂದಿತು. ಹಾಗೆಂದು ನಿಷೇಧವನ್ನು ಎತ್ತಲೇಬೇಕೆಂದು ಹೇಳಲಿಲ್ಲ. ಎರಡೂ ಕಡೆಯವರು ತೀರ್ಪನ್ನು ಸ್ವಾಗತಿಸಿದರು. ಎರಡೂ ಕಡೆಯವರು ಗೆಲ್ಲುವ ಮೊಕದ್ದಮೆಯಲ್ಲಿ ಸೋಲಬೇಕಾದ ಮೂರನೆಯವರು ಸಾಮಾನ್ಯವಾಗಿ ಇರುತ್ತಾರೆ. ಈ ಸಲ ಅದು ನೀವಾಗಲಿಲ್ಲ ಎನ್ನುವುದೇ ನನಗೆ ಆಶ್ಚರ್ಯ. ಆದರೆ ಗಮನಿಸಿದಿರಾ, ಅಲ್ಲಿ ಹಕ್ಕಿಗಳ ಪರ ವಾದವಿತ್ತು, ದೋಣಿಗಳ ಪರ ವಾದವಿತ್ತು. ನಿಮಗಾಗಿಯೇ ನೀವು ಬದುಕಿರಬಹುದೆಂದು ಒಬ್ಬರಿಗೂ ಹೊಳೆದಂತೆ ಕಾಣಲಿಲ್ಲ. ಪಫಿನ್ನಿನ ಕೊಕ್ಕು ಕಪ್ಪಗಿದ್ದಿದ್ದರೆ ನಿಮ್ಮ ಗತಿ ಏನಾಗುತ್ತಿತ್ತೋ!

ಮೊಕದ್ದಮೆ ಹೂಡಲಾಗದ ಪ್ರತಿವಾದಿ ಇನ್ನೊಬ್ಬನಿದ್ದಾನೆ, ಬಿಸಿಯೇರುತ್ತಿರುವ ನೀರು. ತಣ್ಣೀರಿನ ಕೊಬ್ಬಿದ ಕ್ಯಾಲನಸ್ 1980ರ ದಶಕದ ಕೊನೆಯಿಂದ ಉತ್ತರ ಸಮುದ್ರದಲ್ಲಿ ಕಡಿಮೆಯಾಗುತ್ತಾ ಬಂದು, ಬೆಚ್ಚನೆ ನೀರಿನ ಅದರ ತಮ್ಮ ಆ ಜಾಗಕ್ಕೆ ಬಂದಿದ್ದಾನೆ. ಅವನು ಹೆಚ್ಚಾಗುವುದು ವರ್ಷದಲ್ಲಿ ತಡವಾಗಿ, ನಿಮ್ಮ ಮರಿಗಳ ಹಸಿವಿನ ಹೊತ್ತಿಗಲ್ಲ. ಅಮೆರಿಕದ ನಿಮ್ಮ ದಾಯಾದಿಗಳ ಮೊಟ್ಟೆಗಳನ್ನು ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ ನೀರಿನಲ್ಲಿಟ್ಟರೆ ಎಷ್ಟೋ ಮರಿಗಳು ಮೊಟ್ಟೆಯೊಡೆದು ಹೊರಬರುವುದೇ ಇಲ್ಲ. ಈ ಬಿಸಿಗೂ ಇಂಗಾಲಕ್ಕೂ ಪರಿಹಾರವೆಂದು ಸಮುದ್ರದಲ್ಲಿ ಗಾಳಿಯಂತ್ರ ನೆಡುತ್ತಿದ್ದಾರೆ, ಅದು ಒಳ್ಳೆಯದೇ. ಆ ಯಂತ್ರಗಳಿಗೆ ಕಿಟ್ಟಿವೇಕ್‌ಗಳು ಬಡಿದು ಸಾಯಬಹುದೆಂದು, ಪರಿಹಾರಾರ್ಥವಾಗಿ ಇಂಗ್ಲೆಂಡಿನ ಪೂರ್ವ ತೀರದ ನೀರಿನಲ್ಲಿ ಕಂಬ ನೆಟ್ಟು, ಅದರ ಮೇಲೆ ಹಕ್ಕಿಗಳಿಗೆ ಗೂಡು ಕಟ್ಟಲು ಉಕ್ಕಿನ ಗೋಡೆ, ಕಟ್ಟೆಗಳನ್ನು ಮಾಡಿಕೊಟ್ಟಿದ್ದಾರೆ. ಮನೆ ತಯಾರು. ಅಡುಗೆಮನೆ ಮಾತ್ರ ನೀವಿದ್ದಲ್ಲೇ ಇದೆ.

ಜಪಾನಿನ ನಿಮ್ಮ ಬಂಧುಗಳಾದ 'ಇಕಾನಾಗೊ'ಗಳದ್ದು ಇನ್ನೂ ವಿಚಿತ್ರ. ಅವರು ಚಳಿಗಾಲಕ್ಕಲ್ಲ, ಬೇಸಿಗೆಗೆ ಹೆದರಿ ಮರಳಿಗಿಳಿಯುವವರು. ಕೋಬೆಯ ಸುತ್ತಮುತ್ತ ವಸಂತ ಬಂತೆಂದರೆ ಅವರ ಮರಿಗಳನ್ನು ಸೋಯಾ ಸಾಸ್, ಸಕ್ಕರೆ, ಶುಂಠಿ ಹಾಕಿ ಕುದಿಸಿ, ಡಬ್ಬಿ ತುಂಬಿ, ದೂರದ ಊರಿನ ಮಕ್ಕಳಿಗೆ ಕಳಿಸುವ ಸಂಪ್ರದಾಯ. ಈಚೆಗೆ ಹಂಗಾಮು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತಿದೆ. ಹೇಳುವ ಕಾರಣಗಳಲ್ಲಿ ಒಂದು ಕೇಳಿ: ಸಮುದ್ರ ಬಹಳ ಶುದ್ಧವಾಯಿತು! ದಶಕಗಳ ಕಾಲ ಕೊಳೆನೀರನ್ನು ತಡೆದು ತಡೆದು, ಪ್ಲವಕ ಬೆಳೆಯಲು ಬೇಕಾದ ಸಾರಜನಕ, ರಂಜಕವೂ ತೀರ ಇಳಿದವು. 2019ರಲ್ಲಿ ಹ್ಯೋಗೊ ಪ್ರಾಂತ್ಯ ನಿಯಮ ತಿದ್ದಿ, ಇವು ಇಷ್ಟಕ್ಕಿಂತ ಕಡಿಮೆಯೂ ಆಗಬಾರದು ಎಂದು ಬರೆದುಕೊಂಡಿತು. ನಮ್ಮ ನಗರಸಭೆಗಳು ಇದನ್ನು ಓದಿದರೆ ತಾವು ಇಷ್ಟು ವರ್ಷ ಮಾಡಿದ್ದೆಲ್ಲ ಮೀನುಗಾರಿಕಾ ಅಭಿವೃದ್ಧಿ ಎಂದುಕೊಂಡಾವು, ಹಾಗಾಗಿ ವಿವರ ಇಲ್ಲಿಗೇ ನಿಲ್ಲಿಸುತ್ತೇನೆ.

ನಿಮಗೆ ನಾನು ಕೊಡಬಹುದಾದ ಸಲಹೆ ಏನು? ಬಣ್ಣ ಹಚ್ಚಿಕೊಳ್ಳಿ ಎನ್ನಬಹುದಿತ್ತು, ಹಚ್ಚಿಕೊಂಡರೆ ಬೇಗ ಸಾಯುತ್ತೀರಿ. ಎಣ್ಣೆ ಕಡಿಮೆ ಮಾಡಿಕೊಳ್ಳಿ ಎಂದರೆ ಕಾರ್ಖಾನೆ ನಿಮ್ಮನ್ನು ಬಿಡುತ್ತದೆ, ಚಳಿಗಾಲ ಬಿಡುವುದಿಲ್ಲ. ಒಕ್ಕೂಟ ಕಟ್ಟಿ, ಧರಣಿ ಕೂರಿ ಎನ್ನಬಹುದು, ಆದರೆ ಗುಂಪಾಗಿ ಕೂರುವುದು ನಿಮ್ಮ ಕಸುಬೇ, ಅದರಿಂದಲೇ ಬಲೆಗೆ ಬಿದ್ದದ್ದು. ನಿಮ್ಮಿಂದ ತಿದ್ದಿಕೊಳ್ಳಬಹುದಾದದ್ದು ಏನೂ ಇಲ್ಲ. ತಿದ್ದಿಕೊಳ್ಳಬೇಕಾದ ಜಾತಿ ಬೇರೆಯೇ ಇದೆ, ಅದರ ಒಂದು ಶಾಖೆ ನಮ್ಮ ಕರಾವಳಿಯಲ್ಲೂ ಇದೆ.

ನಮ್ಮಲ್ಲಿ ನಿಮ್ಮ ಕೆಲಸ ಮಾಡುವವರು ಬೂತಾಯಿ, ಉಡುಪಿಯ ಕಡೆ ಬೈಗೆ ಎನ್ನುತ್ತಾರೆ. ಅವರು ಮರಳಿಗೆ ಇಳಿಯುವವರಲ್ಲ, ಮೇಲು ನೀರಿನಲ್ಲಿ ಹಿಂಡು ಕಟ್ಟುವವರು, ಆದರೆ ಸಮುದ್ರದ ಪಂಕ್ತಿಯಲ್ಲಿ ಸ್ಥಾನ ನಿಮ್ಮದೇ. ಅಂಜಲ್, ಕೇದರ, ಡಾಲ್ಫಿನ್, ಕಡಲಕಾಗೆ, ಬಡವರ ಮಣ್ಣಿನ ಚಟ್ಟಿ, ಎಲ್ಲಕ್ಕೂ ಅವರೇ. ಹಿಂದೆ ಹೆಚ್ಚು ಬಿದ್ದ ವರ್ಷ ತೆಂಗಿನ ಬುಡಕ್ಕೆ ಹಾಕುತ್ತಿದ್ದರು, ಎಣ್ಣೆ ತೆಗೆದು ಮರದ ದೋಣಿಗೆ ಬಳಿಯುತ್ತಿದ್ದರು. ಈಗ ಮಂಗಳೂರಿನಿಂದ ಉತ್ತರಕ್ಕೆ ಫಿಶ್‌ಮೀಲ್ ಫ್ಯಾಕ್ಟರಿಗಳು ಎದ್ದಿವೆ, ಗಾಳಿ ತಿರುಗಿದ ದಿನ ವಿಳಾಸ ಕೇಳದೆ ಹುಡುಕಬಹುದು. ದಕ್ಕೆಯಲ್ಲಿ ಒಳ್ಳೆಯ ಮೀನನ್ನು ಬುಟ್ಟಿ ಲೆಕ್ಕದಲ್ಲಿ ಹರಾಜು ಕೂಗುತ್ತಿರುವಾಗಲೇ, ಪಕ್ಕದಲ್ಲಿ ಐಸೂ ಕಾಣದ ರಾಶಿಯೊಂದನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ಎಸೆಯುತ್ತಿರುತ್ತಾರೆ. ಕೆದಕಿ ನೋಡಿದರೆ ಬೆರಳುದ್ದದ ಬೂತಾಯಿ ಮರಿ, ಉಗುರುದ್ದದ ಬಂಗುಡೆ ಮರಿ, ಹೆಸರಿಡುವ ಮುಂಚೆ ಸತ್ತ ಏನೇನೋ. ಇದರ ಹಿಟ್ಟು ಸಿಗಡಿ ಕೆರೆಗೂ ಕೋಳಿ ಫಾರಮ್ಮಿಗೂ ಹೋಗುತ್ತದೆ. ಮಳೆಗಾಲದಲ್ಲಿ ಜೂನ್ ಒಂದರಿಂದ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಕೊಟ್ಟು ಮೀನಿನ ಸಂತಾನ ಕಾಯುತ್ತೇವೆ, ಆಮೇಲೆ ಆ ಸಂತಾನವನ್ನೇ ಸಲಿಕೆಯಲ್ಲಿ ಎತ್ತುತ್ತೇವೆ. ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್‌ಗೂ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್‌ಗೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಹೇರಿದೆ. ಹೇಗ್‌ವರೆಗೆ ಹೋಗಬೇಕಾದ ಪ್ರಸಂಗ ನಮಗೆ ಬರಲಿಲ್ಲ, ನಿಷೇಧವನ್ನು ಯಾರಾದರೂ ಪಾಲಿಸಿದರಲ್ಲವೇ ವ್ಯಾಜ್ಯ?

ಮಹಾಶಯರೇ, ಪತ್ರ ಉದ್ದವಾಯಿತು. ನಿಮಗೆ ಇದು ತಲುಪುವುದಿಲ್ಲ, ತಲುಪಿದರೂ ಓದಲು ಬರುವುದಿಲ್ಲ. ಬಹಿರಂಗ ಪತ್ರಗಳ ವಿಳಾಸದಾರರು ಓದುವುದು ಅಪರೂಪವೇ. ಓದಿದವರು ನಮ್ಮ ಕಡೆಯ ಜನ, ಆದ್ದರಿಂದ ಕೊನೆಯ ಮಾತು ಅವರಿಗೆ. ಮೀನು ತಿನ್ನುವವರೇ, ಮಾರುಕಟ್ಟೆಯಲ್ಲಿ ಬೆರಳುದ್ದದ ಬೂತಾಯಿ ಮರಿ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ. ಕರಾವಳಿಯಿಂದ ಗೆದ್ದು ಹೋದ ಶಾಸಕರು ಮುಂದಿನ ಸಲ ಬಂದರಿಗೆ ಹೂವಿನ ಹಾರ ಹಾಕಿಸಿಕೊಳ್ಳಲು ಬಂದಾಗ ಅವರನ್ನು ಹರಾಜಿನ ಕಡೆಗಲ್ಲ, ಆ ಲಾರಿಯ ಕಡೆಗೆ ಕರೆದುಕೊಂಡು ಹೋಗಿ, ಒಳಗೆ ಇರುವ ಮೀನಿನ ಅಳತೆ ಎಷ್ಟೆಂದು ಕೇಳಿ.

ಇಂತು ನಿಮ್ಮ ಹಿತೈಷಿ,
ಕರಾವಳಿಯ ಒಬ್ಬ ಮೀನುಪ್ರಿಯ